ಕೆರೆಯ ಗೋಡೂ ಗಾಳದ ಸೀಸವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಕೆರೆಯಲ್ಲಿ ಗಾಳ ಹಾಕುವ ವಿಷಯಕ್ಕೂ ವ್ಯವಸಾಯದ ಇಲಾಖೆಗೂ ಏನು ಸಂಬಂಧವೆಂದು ಈ ಪತ್ರಿಕೆಯ ವಾಚಕರಲ್ಲಿ ಕೆಲವರು ಕೇಳಬಹುದು. ಮೀನಿನ ಮಾತು ಮೀನುಗಾರಿಕೆಯ ಇಲಾಖೆಯವರದೆಂಬುದು ನಿಜವೇ. ಆದರೆ ಕೆರೆಯ ನೀರು ಇಳಿದ ಮೇಲೆ ತಳದಲ್ಲಿ ಉಳಿಯುವ ಗೋಡುಮಣ್ಣು ಒಕ್ಕಲಿಗನದು. ಆ ಗೋಡಿನಲ್ಲಿ ಏನು ಸೇರಬಹುದು, ಏನು ಸೇರಕೂಡದು ಎಂದು ಹೇಳುವ ಅಧಿಕಾರ ಅವನಿಗೂ, ಅವನ ಪರವಾಗಿ ಹಳ್ಳಿ ಹಳ್ಳಿ ಸುತ್ತುವ ನಮ್ಮಂಥವರಿಗೂ ಉಂಟು. ಬಂಗಾರಪೇಟೆಯ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಕೆರೆಗಳ ಕಟ್ಟೆಯ ಮೇಲೆ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಗಾಳ ಕಾಣಿಸಿಕೊಳ್ಳುತ್ತಿದೆ. ಸೀಸದ ತಲೆಯೂ ಮೆತ್ತನೆಯ ಪ್ಲಾಸ್ಟಿಕ್ಕಿನ ಮೈಯೂ ಉಳ್ಳ ಈ ಸಾಧನ ನಮ್ಮ ಕೆರೆಗಳಿಗೆ ಬೇಕಾದುದೂ ಅಲ್ಲ, ಹಿತವಾದುದೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಮೊದಲು ಸಾಧನದ ಸ್ವರೂಪವನ್ನು ಹೇಳಬೇಕು. ಸಮುದ್ರದ ತಳದಲ್ಲಿ, ಬಂಡೆಗಳ ಸಂದುಗಳಲ್ಲಿ ವಾಸಿಸುವ ಮೀನನ್ನು ಗಾಳದಿಂದ ಹಿಡಿಯುವವರು ಕೊಕ್ಕೆಯ ಕೊರಳಿಗೆ ಸೀಸವನ್ನು ಎರಕಹೊಯ್ದು ತಲೆ ಮಾಡುವರು. ಇದಕ್ಕೆ ಜಿಗ್ ಎಂದು ಹೆಸರು. ತಲೆಯ ಹಿಂದೆ ಕೊಕ್ಕೆಯ ಕಾಲಿಗೆ ಪ್ಲಾಸ್ಟಿಕ್ಕಿನ ಹುಳುವನ್ನಾಗಲಿ, ಸಿಗಡಿಯನ್ನಾಗಲಿ, ಬಾಲವುಳ್ಳ ಮರಿಮೀನನ್ನಾಗಲಿ ಕಾಲುಚೀಲದಂತೆ ಏರಿಸುವರು. ದೋಣಿಯಿಂದ ಇಳಿಬಿಟ್ಟರೆ ಸೀಸದ ಭಾರಕ್ಕೆ ಅದು ನೇರವಾಗಿ ತಳವನ್ನು ಸೇರುತ್ತದೆ. ತಳ ಮುಟ್ಟಿದೊಡನೆ ಬಿಗಿಯಾಗಿದ್ದ ದಾರ ಸಡಿಲವಾಗುವುದರಿಂದ ಮೇಲಿರುವವನಿಗೆ ಗೊತ್ತಾಗುತ್ತದೆ. ಆಗ ಅವನು ಕೋಲನ್ನು ಒಂದೆರಡು ಮೊಳ ಮೇಲಕ್ಕೆತ್ತಿ ಮತ್ತೆ ಇಳಿಸುವನು. ಏರುವಾಗ ಪ್ಲಾಸ್ಟಿಕ್ಕಿನ ಬಾಲ ಅದುರುತ್ತದೆ. ಬೀಳುವಾಗ ಗಾಯವಾದ ಮೀನಿನಂತೆ ತತ್ತರಿಸುತ್ತದೆ. ಬಹುಮಟ್ಟಿಗೆ ಬೀಳುವ ಹೊತ್ತಿನಲ್ಲಿಯೇ ದೊಡ್ಡ ಮೀನು ಅದನ್ನು ಕಚ್ಚುವುದು. ನಮ್ಮ ಕರಾವಳಿಯಲ್ಲಿ ಮುರು ಮೊದಲಾದ ಬಂಡೆಯ ಮೀನುಗಳನ್ನು ಹೀಗೆ ಹಿಡಿಯುವ ಹವ್ಯಾಸಿಗಳು ಇದ್ದಾರೆ.

ಸಮುದ್ರದಲ್ಲಿ ಅಷ್ಟು ಭಾರ ಏತಕ್ಕೆಂದರೆ, ಅಲ್ಲಿ ಆಳ ನೂರಾರು ಅಡಿ. ಅದರ ಮೇಲೆ ಉಬ್ಬರವಿಳಿತಗಳ ಸೆಳೆತ. ಹಗುರವಾದ ಗಾಳ ತಳ ಸೇರುವ ಮೊದಲೇ ದೋಣಿಯಿಂದ ದೂರ ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ಗಾತ್ರ ಚಿಕ್ಕದಾಗಿ ತೂಕ ಹೆಚ್ಚಾಗಿರುವ ಲೋಹ ಬೇಕು. ಸೀಸವು ಸಮಗಾತ್ರದ ನೀರಿಗಿಂತ ೧೧ ಪಟ್ಟಿಗೂ ಹೆಚ್ಚು ಭಾರ. ಕಬ್ಬಿಣ ೮ ಪಟ್ಟಿಗೆ ಸ್ವಲ್ಪ ಕಡಮೆ. ನಮ್ಮ ಕಡೆಯ ಕಲ್ಲು ಸುಮಾರು ೨.೭ ಪಟ್ಟು. ಯಾವ ವಸ್ತುವೇ ಆಗಲಿ, ನೀರಿನಲ್ಲಿ ಮುಳುಗಿದಾಗ ತಾನು ಸರಿಸಿದ ನೀರಿನಷ್ಟು ತೂಕವನ್ನು ಕಳೆದುಕೊಳ್ಳುವುದಷ್ಟೆ. ಈ ಲೆಕ್ಕದಂತೆ ೧೦೦ ಗ್ರಾಂ ಸೀಸ ನೀರಿನೊಳಗೆ ಸುಮಾರು ೯೧ ಗ್ರಾಂ ತೂಗಿದರೆ, ೧೦೦ ಗ್ರಾಂ ಕಬ್ಬಿಣ ಸುಮಾರು ೮೭ ಗ್ರಾಂ, ೧೦೦ ಗ್ರಾಂ ಕಲ್ಲು ಸುಮಾರು ೬೩ ಗ್ರಾಂ ತೂಗುತ್ತದೆ. ೧೦೦ ಗ್ರಾಂ ಸೀಸ ಮಾಡುವ ಕೆಲಸವನ್ನು ಕಲ್ಲಿನಿಂದ ಮಾಡಿಸಬೇಕಾದರೆ ೧೪೫ ಗ್ರಾಂ ಕಲ್ಲು ಬೇಕು. ಅದರ ಗಾತ್ರವಾದರೋ ಸೀಸದ ಆರರಷ್ಟು. ಸೆಳೆತವಿರುವ ನೀರಿನಲ್ಲಿ ಅಷ್ಟು ದೊಡ್ಡ ಕಲ್ಲನ್ನು ಪ್ರವಾಹ ತಳ್ಳಿಕೊಂಡು ಹೋಗುತ್ತದೆ. ಹೀಗಾಗಿ ಆಳ ಸಮುದ್ರದಲ್ಲಿ ಸೀಸ ಬಳಸುವವನಿಗೆ ಅವನದೇ ಆದ ನ್ಯಾಯವಿದೆ.

ಆ ನ್ಯಾಯವನ್ನು ಬೇತಮಂಗಲದ ಕೆರೆಯ ಕಟ್ಟೆಯ ಮೇಲೆ ನಿಂತು ಹೇಳುವುದು ಹೇಗೆ? ಸಮುದ್ರವು ನಮಗೆ ಸುಮಾರು ೨೫೦ ಕಿಲೋಮೀಟರು ದೂರದಲ್ಲಿ, ಚೆನ್ನೈಯ ಬಳಿ ಇದೆ. ನಮ್ಮ ಸಣ್ಣ ಕೆರೆಗಳಲ್ಲಿ ತೂಬಿನ ಮುಂದೆ ಕೂಡ ಹತ್ತು ಹದಿನೈದು ಅಡಿ ನೀರು ನಿಂತರೆ ಅದೇ ಸುಭಿಕ್ಷ. ಕೋಡಿ ಹರಿಯುವ ನಾಲ್ಕು ದಿನ ಹೊರತು ಸೆಳೆತವೆಂಬುದೇ ಇಲ್ಲ. ನಿಂತ ನೀರಿನಲ್ಲಿ ಐದು ಗ್ರಾಂ ತೂಕದ ಯಾವ ವಸ್ತುವಾದರೂ ನಾಲ್ಕು ಉಸಿರಿನೊಳಗೆ ತಳ ಸೇರುತ್ತದೆ. ಅದು ಸೀಸವೇ ಆಗಿರಬೇಕೆಂಬ ನಿಯಮವಿಲ್ಲ.

ಪ್ಲಾಸ್ಟಿಕ್ ಹುಳುವಿನ ಚರಿತ್ರೆ ಸ್ವಲ್ಪ ಬೇರೆ. ಇದನ್ನು ೧೯೪೯ರಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದ ನಿಕ್ ಕ್ರೀಮ್ ಎಂಬಾತ ತನ್ನ ಮನೆಯಲ್ಲಿಯೇ ಅಚ್ಚುಹೊಯ್ದು ಮಾರಾಟಕ್ಕೆ ತಂದನು. ಆಕ್ರನ್ ಮೋಟಾರು ಟೈರುಗಳಿಗೆ ಹೆಸರಾದ ಊರು. ನಮ್ಮ ಹುಡುಗರು ಈ ಹುಳುವನ್ನು ‘ರಬ್ಬರ್ ಹುಳು’ ಎನ್ನುವುದು ಬರಿಯ ರೂಢಿ. ಅದರಲ್ಲಿ ರಬ್ಬರು ಮರದ ಹಾಲು ಒಂದು ತೊಟ್ಟೂ ಇಲ್ಲ. ನೀರಿನ ಕೊಳವೆಗಳನ್ನು ಮಾಡುವ ಪಿ.ವಿ.ಸಿ. ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಥಾಲೇಟ್ ಮುಂತಾದ ಮೆದುಕಾರಕ ಎಣ್ಣೆಗಳನ್ನು ಧಾರಾಳವಾಗಿ ಬೆರಸಿ, ಕಾಯಿಸಿ, ಅಚ್ಚಿಗೆ ಹೊಯ್ಯುವರು. ಕ್ರೀಮನ ಹುಳು ಹುಟ್ಟಿದ್ದು ಸಿಹಿನೀರಿನ ಮೀನಿಗಾಗಿಯೇ. ಹಾಗಿದ್ದಮೇಲೆ ಸಿಹಿನೀರಿನ ಕೆರೆಯಲ್ಲಿ ಅದನ್ನು ಬಳಸಿದರೆ ದೋಷವೇನೆಂದು ಯಾರಾದರೂ ವಾದಿಸಿದರೆ ಉತ್ತರ ಇಷ್ಟೇ: ಅಮೆರಿಕದ ಸರೋವರದ ತಳವನ್ನು ಯಾರೂ ವೈಶಾಖದಲ್ಲಿ ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಹರಡುವುದಿಲ್ಲ. ನಾವು ಹರಡುತ್ತೇವೆ.

ಇದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಂದಿಯ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿಯನ್ನು ನಮ್ಮ ಹಿರಿಯರು ಹೆಜ್ಜೆ ಹೆಜ್ಜೆಗೂ ಕಟ್ಟೆ ಹಾಕಿ ಕೆರೆಗಳ ಸರವನ್ನಾಗಿ ಮಾಡಿದರು. ಬೇತಮಂಗಲ, ರಾಮಸಾಗರ ಇವೆರಡೂ ಆ ಸರದ ದೊಡ್ಡ ಮಣಿಗಳು. ಬೇತಮಂಗಲಕ್ಕೆ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂಬ ಹೆಸರು ಇದೆಯೆಂದರೆ ಆ ಕೆರೆಯ ಪ್ರಾಚೀನತೆ ಊಹೆಗೆ ನಿಲುಕೀತು. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಇಪ್ಪತ್ತನೆಯ ಶತಮಾನದ ಆರಂಭದಿಂದ ಅಲ್ಲಿಂದಲೇ ಹೋಯಿತು. ಕಟ್ಟೆ, ತೂಬು, ಕೋಡಿಗಳಷ್ಟೇ ಮುಖ್ಯವಾದ ನಾಲ್ಕನೆಯ ಅಂಗವೊಂದು ಕೆರೆಗೆ ಉಂಟು, ಅದೇ ಗೋಡು. ಮೇಲಿನ ಹೊಲಗಳಿಂದ ಮಳೆ ಕೊಚ್ಚಿ ತಂದ ನಯವಾದ ಜೇಡಿ, ಕೊಳೆತ ಎಲೆ, ದನದ ಸಗಣಿ, ಸತ್ತ ಪಾಚಿ ಇವೆಲ್ಲ ತಳದಲ್ಲಿ ಕೂತು ಹದವಾದ ಮಣ್ಣಾಗುತ್ತವೆ. ನಮ್ಮ ಜಿಲ್ಲೆಯ ಮರಳುಮಿಶ್ರಿತ ಕೆಂಪುಮಣ್ಣು ನೀರನ್ನು ಹಿಡಿದಿಡಲಾರದು. ಮಳೆ ನಿಂತ ಹತ್ತು ದಿನಕ್ಕೆ ರಾಗಿಯ ಪೈರು ಬಾಡಿ ನಿಲ್ಲುವುದನ್ನು ನೋಡದ ಒಕ್ಕಲಿಗನಿಲ್ಲ. ಅಂಥ ನೆಲಕ್ಕೆ ಕೆರೆಗೋಡು ಹಾಕಿದರೆ ತೇವ ಇನ್ನಷ್ಟು ದಿನ ನಿಲ್ಲುವುದಲ್ಲದೆ, ಹಾಕಿದ ಗೊಬ್ಬರವೂ ಬಸಿದು ಹೋಗದು. ಇದನ್ನು ಯಾವ ಕಾಲೇಜೂ ಅವನಿಗೆ ಕಲಿಸಬೇಕಾಗಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿಯೂ ಹೊಡೆದನು, ಟ್ರಾಕ್ಟರಿನ ಕಾಲದಲ್ಲಿಯೂ ಹೊಡೆಯುತ್ತಿದ್ದಾನೆ.

೨೦೧೮ರ ಜೂನ್ ತಿಂಗಳಿನಿಂದ ಈ ಸೀಮೆಗೆ ಇನ್ನೊಂದು ಬಗೆಯ ನೀರು ಬರತೊಡಗಿತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ಮೊದಲು ಲಕ್ಷ್ಮೀಸಾಗರದ ಕೆರೆ, ಅಲ್ಲಿಂದ ಒಂದರ ಕೋಡಿ ಇನ್ನೊಂದಕ್ಕೆ, ಹೀಗೆ ನೂರಕ್ಕೂ ಹೆಚ್ಚು ಕೆರೆಗಳು. ಆ ನೀರಿನ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಅಂಥ ಕೆರೆಯ ಗೋಡನ್ನು ಹೊಲಕ್ಕೆ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿರಿ ಎಂದಷ್ಟೇ ಸೂಚಿಸುತ್ತೇನೆ. ಅದರ ಹಿಂದೆಯೇ ೨೦೨೧ರ ಹಿಂಗಾರಿನಲ್ಲಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ನೀರಿದ್ದ ಕಡೆ ಮೀನು, ಮೀನಿದ್ದ ಕಡೆ ಗಾಳ. ಹತ್ತಾರು ವರ್ಷ ಕ್ರಿಕೆಟ್ ಆಟದ ಬಯಲಾಗಿದ್ದ ಕೆರೆಯಂಗಳದ ದಡದಲ್ಲಿ ಈಗ ಭಾನುವಾರ ಸಾಲುಗಟ್ಟಿ ಕೂತ ಯುವಕರನ್ನು ಕಾಣಬಹುದು. ಅವರಲ್ಲಿ ಬಹುಮಂದಿ ಗಣಿಯ ಊರಿನವರು. ಮಾರಿಕುಪ್ಪದಿಂದ ಬೆಳಗ್ಗೆ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು, ರಾತ್ರಿ ಹಿಂತಿರುಗುವವರಿಗೆ ವಾರಕ್ಕೊಂದು ದಿನ ನೀರಿನ ಪಕ್ಕದಲ್ಲಿ ಕುಳಿತು ಕೊಳ್ಳುವ ವಿಶ್ರಾಂತಿಯನ್ನು ಯಾರೂ ಆಕ್ಷೇಪಿಸಲಾರರು; ನಾನಂತೂ ಆಕ್ಷೇಪಿಸೆನು. ಸಮುದ್ರದ ಮೀನುಬೇಟೆಯ ಚಿತ್ರಗಳನ್ನು ಅವರು ಮೊಬೈಲ್ ಫೋನಿನಲ್ಲಿ ನೋಡುತ್ತಾರೆ. ಅಲ್ಲಿ ಕಂಡ ಜಿಗ್ಗನ್ನೇ ಅಂಗಡಿಯಿಂದಲೋ ಅಂಚೆಯಿಂದಲೋ ತರಿಸಿಕೊಳ್ಳುತ್ತಾರೆ. ತೊಂದರೆ ಇರುವುದು ಆ ಸಾಮಾನಿನಲ್ಲಿ.

ಈ ಸಾಮಾನಿಗೆ ನಮ್ಮ ಕೆರೆಯಲ್ಲಿ ಬೀಳುವ ಮೀನು ತಾನೆ ಯಾವುದು? ಇಲಾಖೆಯವರು ಬಿಡುವ ಮರಿಗಳಲ್ಲಿ ಕಾಟ್ಲಾ ಮೇಲುನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿಯೂ ಮೇಯುತ್ತವೆ. ತಳದಲ್ಲಿ ಮೇಯುವ ಈ ಎರಡೂ ಕೆಸರಿನಲ್ಲಿ ಮೂತಿಯಿಟ್ಟು ಕೊಳೆತ ಪದಾರ್ಥವನ್ನೂ ಸಣ್ಣ ಹುಳುಗಳನ್ನೂ ಹೀರುವ ಜಾತಿ. ಓಡುವ ಮೀನನ್ನು ಅಟ್ಟಿ ಹಿಡಿಯುವಂಥವಲ್ಲ. ಪ್ಲಾಸ್ಟಿಕ್ಕಿನ ಬಾಲವನ್ನು ಎಷ್ಟು ಅದುರಿಸಿದರೂ ಅವು ಸಾಮಾನ್ಯವಾಗಿ ತಿರುಗಿ ನೋಡವು. ಜಿಗ್ಗಿಗೆ ಎರಗುವ ಬೇಟೆಗಾರ ಮೀನೆಂದರೆ ಕೊರವ. ತೆಲುಗು ಮಾತಾಡುವವರು ಕೊರಮೀನು ಎನ್ನುವರು. ಅದಾದರೋ ಗಾಳಿಯನ್ನು ಕುಡಿಯಲು ಆಗಾಗ ಮೇಲಕ್ಕೆ ಬರುವ ಮೀನು. ಜೊಂಡಿನ ಮರೆಯಲ್ಲಿ, ಮೊಳಕಾಲುದ್ದದ ನೀರಿನಲ್ಲಿ ಹೊಂಚುಹಾಕಿ ಕಪ್ಪೆಯನ್ನೋ ಸಣ್ಣ ಮೀನನ್ನೋ ನುಂಗುತ್ತದೆ. ಅದನ್ನು ಹಿಡಿಯಲು ತಳಕ್ಕೆ ಭಾರ ಇಳಿಸುವುದೇ ಅನಾವಶ್ಯಕ. ಹೀಗೆ, ತಳದ ಮೀನಿಗೆ ಈ ಎರೆ ಬೇಡ. ಈ ಎರೆಯನ್ನು ಬಯಸುವ ಮೀನು ತಳದಲ್ಲಿಲ್ಲ. ಪ್ರಸಂಗವಶಾತ್ ಇನ್ನೊಂದು ಮಾತು. ಮಳೆಗಾಲದಲ್ಲಿ ಕೊರವದ ಜೋಡಿ ತನ್ನ ಮರಿಗಳ ಗುಂಪನ್ನು ಕಾಯುತ್ತ ತಿರುಗುವಾಗ ಮರಿಗಳ ನಡುವೆ ಗಾಳ ಎಸೆದರೆ ತಾಯಿತಂದೆಗಳು ಕೋಪದಿಂದಲೇ ಕಚ್ಚುತ್ತವೆ. ಆ ಒಂದು ಮೀನು ಹೋದರೆ ಕಾಯುವವರಿಲ್ಲದ ಮರಿಗಳೆಲ್ಲ ಬೇರೆ ಮೀನುಗಳ ಬಾಯಿಗೆ ಬೀಳುವುವು. ಇದನ್ನು ಆಟವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆರೆಗಳು ಬತ್ತಿದ್ದ ವರ್ಷಗಳಲ್ಲಿ ಅಂಗಳವೆಲ್ಲ ಬಳ್ಳಾರಿ ಜಾಲಿ ಬೆಳೆದು ಕಾಡಾಗಿತ್ತು. ಕೆಲವು ಕಡೆ ಕಡಿದು ಬುಡ ಬಿಟ್ಟರು. ಕೆಲವು ಕಡೆ ಹಾಗೆಯೇ ನೀರು ತುಂಬಿತು. ಈ ಮುಳ್ಳು ಬುಡಗಳು ತಳದಲ್ಲಿ ಇದ್ದ ಹಾಗೆಯೇ ಇವೆ. ಸೀಸದ ತಲೆಯ ಕೊಕ್ಕೆ ತಳವನ್ನು ಮುಟ್ಟಿ ಮುಟ್ಟಿ ಏಳಬೇಕಾದ ಸಾಧನವಾದ್ದರಿಂದ ಬುಡಕ್ಕೆ ಸಿಕ್ಕಿಕೊಳ್ಳುವುದು ಅದಕ್ಕೆ ಸಹಜ. ಎಳೆದರೆ ಬಾರದು, ಕೊನೆಗೆ ದಾರ ಹರಿಯುತ್ತದೆ. ಬೀಸುಬಲೆಗೂ ಅಂಚಿನಲ್ಲಿ ಗುಂಡುಗಳಿರುವುದಿಲ್ಲವೇ ಎಂದು ಕೇಳಿದರೆ, ಬಲೆಯನ್ನು ಬೀಸಿದವನು ಗುಂಡುಗಳ ಸಮೇತ ಅದನ್ನು ಮನೆಗೆ ಕೊಂಡೊಯ್ಯುವನು. ಗಾಳದವನಾದರೆ ಒಂದು ಭಾನುವಾರಕ್ಕೆ ಎರಡು ಮೂರು ಜಿಗ್ಗುಗಳನ್ನು ಕೆರೆಗೆ ಒಪ್ಪಿಸಿ ಹೋದರೂ ಆಶ್ಚರ್ಯವಿಲ್ಲ. ಸೀಸ, ಉಕ್ಕಿನ ಕೊಕ್ಕೆ, ಪ್ಲಾಸ್ಟಿಕ್ ಹುಳು, ಮಾರುದ್ದ ತಂಗೂಸಿ ದಾರ ಇವು ನಾಲ್ಕೂ ಒಟ್ಟಿಗೆ ಗೋಡಿನಲ್ಲಿ ಕೂತು ಬೇಸಗೆಗಾಗಿ ಕಾಯುತ್ತವೆ.

ಸೀಸದ ಗುಂಡು ಹೊಲಕ್ಕೆ ಬಂದರೆ ಮರುವರ್ಷದ ರಾಗಿಯೆಲ್ಲ ವಿಷವಾಗುವುದೆಂದು ನಾನು ಹೆದರಿಸುವುದಿಲ್ಲ. ಗಟ್ಟಿ ಸೀಸ ಮಣ್ಣಿನಲ್ಲಿ ಬಹು ನಿಧಾನವಾಗಿ ಕರಗುವ ವಸ್ತು. ಕರಗಿದ ಅಂಶವೂ ಜೇಡಿಯ ಮತ್ತು ಕೊಳೆತ ಪದಾರ್ಥದ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವುದರಿಂದ ಪೈರಿನ ಬೇರಿಗೆ ಸಿಕ್ಕುವುದು ಅಲ್ಪ. ಆದರೆ ಈ ಅಂಟುವ ಗುಣವೇ ಅದರ ಕೇಡು: ಒಮ್ಮೆ ಸೇರಿದ ಸೀಸವನ್ನು ಮಳೆ ತೊಳೆಯದು, ಬಿಸಿಲು ಸುಡದು, ಯಾವ ಹುಳುವೂ ತಿಂದು ಜೀರ್ಣಿಸದು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಅದೇ ಹೊಲದಲ್ಲಿ ಇರುತ್ತದೆ. ಗೋಡಿನಲ್ಲಿ ನಾವು ಬೆಲೆಕೊಡುವ ಅಂಶವೇ ಜೇಡಿ ಮತ್ತು ಕೊಳೆತ ಪದಾರ್ಥ. ಸೀಸವೂ ಹಿಡಿದು ಕೂರುವುದು ಅವನ್ನೇ.

ಇದಕ್ಕಿಂತ ಹತ್ತಿರದ ಅಪಾಯ ಕೋಳಿಗಳಿಗೂ ನೀರುಹಕ್ಕಿಗಳಿಗೂ ಉಂಟು. ಹಲ್ಲಿಲ್ಲದ ಹಕ್ಕಿಗಳು ಸಣ್ಣ ಕಲ್ಲುಹರಳುಗಳನ್ನು ನುಂಗಿ, ಹೊಟ್ಟೆಯ ಗಟ್ಟಿ ಚೀಲದಲ್ಲಿ ಅವುಗಳಿಂದಲೇ ಕಾಳನ್ನು ಅರೆದುಕೊಳ್ಳುವುವು. ಸಣ್ಣ ಸೀಸದ ಗುಂಡು ಅವುಗಳ ಕಣ್ಣಿಗೆ ಒಂದು ಹರಳು. ಕಲ್ಲು ಹೊಟ್ಟೆಯಲ್ಲಿ ಕಲ್ಲಾಗಿಯೇ ಇರುತ್ತದೆ. ಮೆದುವಾದ ಸೀಸವಾದರೋ ಅರೆದು, ಹೊಟ್ಟೆಯ ಆಮ್ಲದಲ್ಲಿ ಕರಗಿ, ರಕ್ತಕ್ಕೆ ಸೇರುತ್ತದೆ. ಹಕ್ಕಿ ಕುತ್ತಿಗೆ ಎತ್ತಲಾರದೆ, ಮೇವು ಬಿಟ್ಟು, ಸೊರಗಿ ಸಾಯುತ್ತದೆ. ಇಂಗ್ಲೆಂಡಿನ ನದಿಗಳಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದುದನ್ನು ಕಂಡು ಅಲ್ಲಿಯ ಸರ್ಕಾರದವರು ೧೯೮೭ರಿಂದ ೦.೦೬ ಗ್ರಾಮಿಗಿಂತ ಹೆಚ್ಚಾಗಿ ೨೮.೩೫ ಗ್ರಾಂ, ಎಂದರೆ ಒಂದು ಔನ್ಸು, ಮೀರದ ಸೀಸದ ಗುಂಡುಗಳನ್ನು ಗಾಳಕ್ಕೆ ಕಟ್ಟಕೂಡದೆಂದು ಕಾನೂನು ಮಾಡಿದರು. ಗಾಳದ ಆಟ ಅಲ್ಲಿ ನಿಲ್ಲಲಿಲ್ಲ. ಬೇರೆ ಲೋಹದ ಗುಂಡುಗಳು ಪೇಟೆಗೆ ಬಂದವು. ನಮ್ಮ ಹಳ್ಳಿಗಳಲ್ಲಿ ಹಂಸವಿಲ್ಲದಿರಬಹುದು. ಗೋಡು ಹರಡಿದ ಹೊಲದಲ್ಲಿ ಕೆದಕಿ ತಿನ್ನುವ ನಾಟಿ ಕೋಳಿ ಪ್ರತಿ ಮನೆಯಲ್ಲಿಯೂ ಇದೆ.

ಹಸುಗಳ ಮಾತು ಇನ್ನೂ ಕಷ್ಟದ್ದು. ಕೋಲಾರವನ್ನು ಚಿನ್ನ, ರೇಷ್ಮೆ, ಹಾಲುಗಳ ನಾಡೆಂದು ಕರೆಯುವ ವಾಡಿಕೆ. ಚಿನ್ನ ಹೋದಮೇಲೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರುವುದು ಹಾಲಿನಿಂದ. ನೀರು ಹಿಂದೆ ಸರಿದಂತೆಲ್ಲ ಕೆರೆಯಂಗಳದಲ್ಲಿ ಹಸುರು ಗರಿಕೆ ಚಿಗುರುತ್ತದೆ, ದನಗಳನ್ನು ಅಲ್ಲಿಗೆ ಬಿಡುತ್ತಾರೆ. ಹಸು ಹುಲ್ಲನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆ ಸುತ್ತಿ ಎಳೆದು ನುಂಗಿಬಿಡುತ್ತದೆ. ಹುಲ್ಲಿನೊಡನೆ ಹೋದ ಕೊಕ್ಕೆ ಅಥವಾ ತಂತಿ ಎರಡನೆಯ ಹೊಟ್ಟೆಯಲ್ಲಿ ತಂಗುತ್ತದೆ. ಆ ಹೊಟ್ಟೆ ಗುಂಡಿಗೆಗೆ ಬಹು ಸಮೀಪ. ಚೂಪಾದ ಲೋಹ ಗೋಡೆಯನ್ನು ತೂರಿ ಗುಂಡಿಗೆಯ ಪೊರೆಯನ್ನು ಮುಟ್ಟಿದರೆ ಹಸು ಉಳಿಯುವುದು ದುರ್ಲಭ. ಪಶುವೈದ್ಯರಿಗೆ ಈ ವ್ಯಾಧಿ ಸುಪರಿಚಿತ. ಸೀಸದ ಸಿಹಿರುಚಿಗೆ ದನಗಳು ಹಳೆಯ ಬ್ಯಾಟರಿಯ ತಟ್ಟೆಗಳನ್ನು ನೆಕ್ಕಿ, ಕಣ್ಣು ಕಾಣದೆ ಗೋಡೆಗೆ ಹಾಯ್ದು ಸಾಯುವುದೂ ಅವರಿಗೆ ಗೊತ್ತಿರುವ ಸಂಗತಿಯೇ. ಸಾಲ ಮಾಡಿ ಕೊಂಡ ಸೀಮೆ ಹಸುವಿಗೂ ಕೆಲವೇ ರೂಪಾಯಿಗಳ ಜಿಗ್ಗಿಗೂ ಇರುವ ಅಂತರವನ್ನು ಗಾಳದವರು ಲೆಕ್ಕ ಹಾಕಬೇಕು.

ಪ್ಲಾಸ್ಟಿಕ್ ಹುಳುವನ್ನು ಕುರಿತು ಹೆಚ್ಚು ಬರೆಯುವುದಿಲ್ಲ. ಕೊಕ್ಕೆಯಿಂದ ಕಳಚಿದ ಹುಳುಗಳನ್ನು ನುಂಗಿದ ಟ್ರೌಟ್ ಮೀನುಗಳನ್ನು ಉತ್ತರ ಅಮೆರಿಕದ ಸರೋವರಗಳಲ್ಲಿ ಕಂಡಿದ್ದಾರೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಉಳಿಯುತ್ತದೆ. ಮೆದುಕಾರಕ ಎಣ್ಣೆ ಹೊರಕ್ಕೆ ಬಂದಮೇಲೆ ಉಳಿದ ಪ್ಲಾಸ್ಟಿಕ್ ಗಟ್ಟಿಯಾಗಿ, ಚೂರಾಗಿ ಮಣ್ಣು ಸೇರುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ನ್ಯಾಯವಾಗಿ ಎದುರಿಸಬೇಕು. ಟೊಮ್ಯಾಟೊ ಬೆಳೆಯುವ ನಮ್ಮ ಒಕ್ಕಲಿಗರೇ ಮಣ್ಣಿನ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ಗಿಡ ಕಟ್ಟುವ ಪ್ಲಾಸ್ಟಿಕ್ ದಾರ, ಹನಿ ನೀರಾವರಿಯ ಹಳೆಯ ಕೊಳವೆ ಇವನ್ನು ಬದುವಿನಲ್ಲಿ ಬಿಸಾಡುವರಲ್ಲವೇ? ಅದರ ಮುಂದೆ ಗಾಳದವರ ಹುಳು ಎಷ್ಟರದು? ತೂಕದ ಲೆಕ್ಕದಲ್ಲಿ ಈ ಮಾತು ಪೂರ್ತಿ ಸರಿ, ಮತ್ತು ಆ ಹಾಳೆಗಳ ವಿಷಯದಲ್ಲಿ ಒಕ್ಕಲಿಗರೊಡನೆ ನಾವು ಜಗಳವಾಡುತ್ತಲೇ ಇದ್ದೇವೆ. ಆದರೆ ಹಾಳೆ ಕಣ್ಣಿಗೆ ಕಾಣುವಂಥದು, ಮನಸ್ಸು ಮಾಡಿದರೆ ಆಯ್ದು ತೆಗೆಯಬಹುದು. ಬೆಳೆಯ ಇಳುವರಿ ಅದರಿಂದ ಹೆಚ್ಚುವುದೂ ಉಂಟು. ಗೋಡಿನೊಳಗಿನ ಗುಂಡು ಕಾಣುವುದೂ ಇಲ್ಲ; ಅದರಿಂದ ಹೊಲದವನಿಗೆ ಕಾಸಿನ ಲಾಭವೂ ಇಲ್ಲ. ಒಬ್ಬನ ವಿನೋದದ ಕಸವನ್ನು ಇನ್ನೊಬ್ಬನ ಅನ್ನದ ನೆಲ ಹೊರಬೇಕಾಗುತ್ತದೆ.

ಈ ಸೀಮೆಯವರಿಗೆ ಇದನ್ನು ತಿಳಿಸಲು ಹೊರಗಿನ ದೃಷ್ಟಾಂತ ಬೇಕಾಗಿಲ್ಲ. ಜಾನ್ ಟೇಲರ್ ಕಂಪೆನಿಯವರು ೧೮೮೦ರಲ್ಲಿ ಆರಂಭಿಸಿದ ಗಣಿಕೆಲಸ ೨೦೦೧ರ ಫೆಬ್ರುವರಿ ೨೮ರಂದು ನಿಂತಿತು. ಶಿವನಸಮುದ್ರದಿಂದ ೧೯೦೨ರಲ್ಲಿಯೇ ವಿದ್ಯುತ್ತನ್ನು ತರಿಸಿಕೊಂಡ ಊರು ಅದು. ಅದಿರನ್ನು ಹಿಟ್ಟುಮಾಡಿ, ಸಯನೈಡಿನಲ್ಲಿ ತೊಳೆದು, ಚಿನ್ನ ತೆಗೆದಮೇಲೆ ಉಳಿದ ಮಣ್ಣಿನ ದಿಬ್ಬಗಳು ಈಗಲೂ ಊರಿನ ನಡುವೆ ನಿಂತಿವೆ. ಆಷಾಢದ ಗಾಳಿ ಬೀಸಿದಾಗ ಆ ಧೂಳು ಯಾರ ಮನೆಯ ಅಂಗಳಕ್ಕೆ, ಯಾರ ಹೊಲಕ್ಕೆ ಬೀಳುವುದೆಂಬುದನ್ನು ಅಲ್ಲಿಯವರನ್ನು ಕೇಳಿದರೆ ತಿಳಿಯುತ್ತದೆ. ಕೆರೆಯ ಗುಂಡು ಆ ದಿಬ್ಬದ ಎದುರಿಗೆ ಸಾಸುವೆ ಕಾಳು. ಬಳಸಿದವನು ಹೋಗಿ ಬಳಸದವನು ಹೊರುವ ಕ್ರಮ ಮಾತ್ರ ಒಂದೇ.

ಬದಲಿಗೆ ಏನನ್ನು ಕಟ್ಟಬೇಕು? ಕಬ್ಬಿಣದ ನಟ್ಟು ಎಲ್ಲಕ್ಕಿಂತ ಸುಲಭ. ಗಣಿಯ ಊರಿನಲ್ಲಿ ಹಳೆಯ ನಟ್ಟಿಗೆ ಬರವೇ! ೫ ಗ್ರಾಂ ಸೀಸದ ಕೆಲಸವನ್ನು ೫.೨ ಗ್ರಾಂ ಕಬ್ಬಿಣ ಮಾಡುತ್ತದೆ. ಗಾತ್ರದಲ್ಲಿ ಒಂದೂವರೆಯಷ್ಟು ದೊಡ್ಡದಾದರೂ ನಿಂತ ನೀರಿನಲ್ಲಿ ಅದು ತೊಡಕಲ್ಲ. ಹಳ್ಳದ ನುಣುಪುಗಲ್ಲಾದರೆ ೭ರಿಂದ ೮ ಗ್ರಾಂ ಬೇಕು. ಕುಂಬಾರರು ಸುಟ್ಟುಕ್ಕೊಡುವ ತೂತುಳ್ಳ ಮಣ್ಣಿನ ಗುಂಡಾದರೆ ಸುಮಾರು ೧೦ ಗ್ರಾಂ ಸಾಕು. ಸುಟ್ಟ ಮಣ್ಣಿನ ಗುಂಡು ಬಹು ಪುರಾತನ ವಸ್ತು. ಬಲೆಗೆ ಕಟ್ಟುತ್ತಿದ್ದ ಅಂಥ ಗುಂಡುಗಳು ಪ್ರಾಚೀನ ನಿವೇಶನಗಳ ಉತ್ಖನನಗಳಲ್ಲಿ ಸಿಕ್ಕಿವೆ. ಒಡೆದರೆ ಅದು ಹೆಂಚಿನ ಚೂರು, ಹೊಲಕ್ಕೆ ಬಿದ್ದರೂ ಬಾಧಕವಿಲ್ಲ. ಒಂದು ಯುಕ್ತಿಯನ್ನು ಗಮನಿಸಬೇಕು. ಗುಂಡನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟದೆ, ಗೇಣುದ್ದದ ತೆಳುವಾದ ಹತ್ತಿಯ ನೂಲಿನಲ್ಲಿ ಇಳಿಬಿಡಬೇಕು. ಗುಂಡು ಜಾಲಿಯ ಬುಡಕ್ಕೆ ಸಿಕ್ಕಿಕೊಂಡರೆ ನೂಲು ಮಾತ್ರ ಹರಿದು, ಕೊಕ್ಕೆಯೂ ತಂಗೂಸಿಯೂ ಕೈಗೆ ಹಿಂತಿರುಗುತ್ತವೆ. ಕೆರೆಯಲ್ಲಿ ಉಳಿಯುವುದು ಒಂದು ಕಲ್ಲು, ಒಂದು ಗೇಣು ಹತ್ತಿ. ಗಾಳದವನಿಗೂ ಇದರಲ್ಲಿ ಉಳಿತಾಯ.

ಎರೆಯ ವಿಷಯದಲ್ಲಿ ಹಳೆಯ ಪದ್ಧತಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಮೃಗಾಲ್, ಗೆಂಡೆಗಳಿಗೆ ರಾಗಿಹಿಟ್ಟನ್ನೂ ಕಡಲೆಕಾಯಿ ಹಿಂಡಿಯನ್ನೂ ಕಲಸಿ ಮಾಡಿದ ಉಂಡೆ, ಉಳಿದವಕ್ಕೆ ಎರೆಹುಳು. ಕೊರವಕ್ಕೆ ಕಪ್ಪೆಯನ್ನು ಕಟ್ಟುವುದನ್ನು ನಾನು ಒಪ್ಪೆನು. ಕಪ್ಪೆ ಹೊಲದ ಹುಳುಗಳನ್ನು ತಿನ್ನುವ ನಮ್ಮ ಆಳು, ಸಂಬಳವಿಲ್ಲದವನು. ಕೃತಕ ಎರೆಯೇ ಬೇಕೆನ್ನುವವರು ಹಗುರ ಮರದಲ್ಲಿ ಕೆತ್ತಿದ, ನೀರಿನ ಮೇಲೆ ತೇಲುವ ಕಪ್ಪೆಯನ್ನು ಬಳಸಲಿ. ಜೊಂಡಿನ ಅಂಚಿನಲ್ಲಿ ಅದನ್ನು ಎಳೆದರೆ ಕೊರವ ಚೆನ್ನಾಗಿಯೇ ಎರಗುತ್ತದೆ. ದಾರ ಹರಿದರೂ ಅದು ದಡಕ್ಕೆ ತೇಲಿ ಬರುತ್ತದೆ. ತಳದ ಗೋಡಿಗೆ ಇಳಿಯುವುದಿಲ್ಲ.

ಗುಂಡುಗಳನ್ನು ಮನೆಯಲ್ಲಿಯೇ ಎರಕಹೊಯ್ಯುವ ಚಟವನ್ನು ಕುರಿತು ಕಟುವಾಗಿಯೇ ಹೇಳಬೇಕಾಗಿದೆ. ಸೀಸ ೩೨೭ ಡಿಗ್ರಿಯಲ್ಲಿ ಕರಗುವುದರಿಂದ ಅಡಿಗೆಯ ಒಲೆಯೇ ಅದಕ್ಕೆ ಸಾಕು. ಹಳೆಯ ಬ್ಯಾಟರಿಯನ್ನು ಒಡೆದು, ಬಾಣಲೆಯಲ್ಲಿ ಕಾಯಿಸಿ, ಹಿತ್ತಲಲ್ಲಿ ಅಚ್ಚಿಗೆ ಹೊಯ್ದಾಗ ಏಳುವ ಹೊಗೆಯೂ ಬೂದಿಯೂ ಮನೆಯ ಮಕ್ಕಳ ಉಸಿರಿಗೂ ಕೈಗೂ ಸೇರುತ್ತವೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ನಿರಪಾಯ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶರು ಸೀಸದ ವಿಷದ ವಿರುದ್ಧ ದಶಕಗಳ ಕಾಲ ಶ್ರಮಿಸಿದವರು. ನಮ್ಮ ದೇಶದಲ್ಲಿ ೨೦೦೦ನೆಯ ಇಸವಿಯಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆದರು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ ೯೦ ಭಾಗಕ್ಕಿಂತ ಹೆಚ್ಚು ಇರಕೂಡದೆಂಬ ನಿಯಮ ೨೦೧೭ರ ನವೆಂಬರಿನಿಂದ ಜಾರಿಯಲ್ಲಿದೆ. ಇಷ್ಟು ಪ್ರಯಾಸದಿಂದ ಹೊರಗಟ್ಟಿದ ವಸ್ತುವನ್ನು ಬಾಣಲೆಯಲ್ಲಿ ಮನೆಯೊಳಕ್ಕೆ ಕರೆತರುವುದು ಉಚಿತವಲ್ಲ.

ಮೀನುಗಾರಿಕೆಯ ಇಲಾಖೆಯವರಲ್ಲಿಯೂ ಗ್ರಾಮ ಪಂಚಾಯತಿಗಳಲ್ಲಿಯೂ ನನ್ನ ವಿಜ್ಞಾಪನೆ ಒಂದುಂಟು. ದೊಡ್ಡ ಕೆರೆಗಳ ಮೀನಿನ ಗುತ್ತಿಗೆಯನ್ನು ಅವರೂ, ಸಣ್ಣ ಕೆರೆಗಳದನ್ನು ಇವರೂ ಕೊಡುತ್ತಾರೆ. ಸಿಡಿಮದ್ದು ಹಾಕಿ, ವಿಷ ಬೆರಸಿ ಮೀನು ಹಿಡಿಯುವುದನ್ನು ೧೮೯೭ರ ಕಾನೂನೇ ನಿಷೇಧಿಸಿದೆ. ಗುತ್ತಿಗೆಯ ಕರಾರಿನಲ್ಲಿ ಮತ್ತು ಗಾಳದ ಪರವಾನಿಗೆಯಲ್ಲಿ ‘ಸೀಸವನ್ನೂ ಪ್ಲಾಸ್ಟಿಕ್ ಎರೆಯನ್ನೂ ಬಳಸಕೂಡದು’ ಎಂಬ ಒಂದು ಸಾಲನ್ನು ಸೇರಿಸಿದರೆ ಖರ್ಚು ಒಂದು ಸಾಲಿನ ಮಸಿ. ಒಂದು ಔನ್ಸಿನ ಮಿತಿ ಇಂಗ್ಲೆಂಡಿನ ದೊಡ್ಡ ನದಿಗಳಿಗೆ ಬೇಕಾಗಿತ್ತು. ನಮ್ಮ ನಿಂತ ನೀರಿಗೆ ಯಾವ ತೂಕದ ಸೀಸವೂ ಬೇಡವಾದ್ದರಿಂದ ನಿಷೇಧ ಪೂರ್ತಿಯಾಗಿರಲಿ. ಬೂದಿಕೋಟೆಯ ಬಳಿಯ ಮಾರ್ಕಂಡೇಯ ಜಲಾಶಯ ಒಂದರಲ್ಲಿ ಮೊದಲು ಜಾರಿಗೆ ತಂದು ನೋಡಿದರೂ ಆದೀತು.

ಈಗಾಗಲೇ ಬಿದ್ದಿರುವುದಕ್ಕೆ ಬೇಸಗೆಯಲ್ಲಿ ಮಾತ್ರ ಪರಿಹಾರ. ಗೋಡು ಹೊಡೆಯುವ ಮೊದಲು ತೂಬಿನ ಸುತ್ತಲೂ, ಕಟ್ಟೆಯ ಕಲ್ಲುಗಳ ಬುಡದಲ್ಲಿಯೂ, ಜಾಲಿಯ ಬುಡಗಳ ಪಕ್ಕದಲ್ಲಿಯೂ, ಎಂದರೆ ಗಾಳದವರು ಕೂರುವ ಜಾಗದಿಂದ ಒಂದು ಎಸೆತದ ದೂರದವರೆಗೆ, ಮೇಲುಮಣ್ಣನ್ನು ಒಣಗಿಸಿ ಕಾಲಂಗುಲದ ಕಣ್ಣಿನ ಜರಡಿಯಲ್ಲಿ ಆಡಿಸಬೇಕು. ತಂಗೂಸಿಯ ತುದಿ ಕಂಡರೆ ಕೈಯಿಂದ ಎಳೆಯದೆ ಸುತ್ತಲೂ ಅಗೆದು ತೆಗೆಯಬೇಕು. ಕೊನೆಯಲ್ಲಿ ಕೊಕ್ಕೆ ಇದ್ದೇ ಇರುತ್ತದೆ. ಕಬ್ಬಿಣವನ್ನು ಅಯಸ್ಕಾಂತದಿಂದ ಹೆಕ್ಕಬಹುದು. ಸೀಸವನ್ನು ಅಯಸ್ಕಾಂತ ಎಳೆಯದು, ಕಣ್ಣಿನಿಂದಲೇ ಆರಿಸಬೇಕು. ಬಣ್ಣ ಮಾಸಿದ ಬೂದಿಯಂತೆ. ಉಗುರಿನಿಂದ ಗೀರಿದರೆ ಹೊಳೆಯುತ್ತದೆ. ಆರಿಸಿದುದನ್ನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆಯ ಬ್ಯಾಟರಿ ಕೊಳ್ಳುವ ಪರವಾನಿಗೆಯುಳ್ಳ ವ್ಯಾಪಾರಿಗೆ ಕೊಟ್ಟು, ಕೈಯನ್ನು ಸೋಪಿನಿಂದ ತೊಳೆದುಕೊಂಡು ಊಟಕ್ಕೆ ಕೂರತಕ್ಕದ್ದು.